‘ಥೈರಾಯ್ಡ್ ಉಂಟು’ ಅಂದರೆ ಯಾವ ಥೈರಾಯ್ಡ್?

ನಮ್ಮವರು ಕಾಯಿಲೆಗೆ ಹೆಸರಿಡುವ ಕ್ರಮವೇ ಒಂಥರಾ. ‘ಅವಳಿಗೆ ಥೈರಾಯ್ಡ್ ಉಂಟಂತೆ’ ಅಂದರೆ ಮಾತು ಮುಗಿಯಿತು. ಮಾರಾಯ್ರೆ, ಥೈರಾಯ್ಡ್ ಎಲ್ಲರಿಗೂ ಉಂಟು. ಅದು ಕುತ್ತಿಗೆಯ ಮುಂದೆ, ಗಂಟಲ ಗುಳಿಗಿಂತ ಸ್ವಲ್ಪ ಮೇಲೆ ಚಿಟ್ಟೆಯ ಹಾಗೆ ಕೂತಿರುವ ಗ್ರಂಥಿಯ ಹೆಸರು. ಅದು ಕಡಿಮೆ ಕೆಲಸ ಮಾಡಿದರೆ ಒಂದು ಕಾಯಿಲೆ, ಹೆಚ್ಚು ಕೆಲಸ ಮಾಡಿದರೆ ಇನ್ನೊಂದು. ಎರಡಕ್ಕೂ ಮದ್ದು ತದ್ವಿರುದ್ಧ. ಆದರೆ ಮದುವೆ ಮನೆಯಲ್ಲಿ ನಾಲ್ಕು ಹೆಂಗಸರು ಸೇರಿದಾಗ ‘ನನಗೂ ಥೈರಾಯ್ಡೇ, ಬೆಳಿಗ್ಗೆ ಖಾಲಿ ಹೊಟ್ಟೆಗೆ ಈ ಮಾತ್ರೆ ತಕ್ಕೊಳ್ಳುವುದು, ನೀನೂ ತಕ್ಕೊ’ ಎಂಬ ಮಾತು ಎಷ್ಟು ಸಲೀಸಾಗಿ ಬರುತ್ತದೆ! ಆ ಖಾಲಿ ಹೊಟ್ಟೆಯ ಮಾತ್ರೆ ಥೈರಾಕ್ಸಿನ್, ಅಂದರೆ ಥೈರಾಯ್ಡ್ ಹಾರ್ಮೋನೇ. ಹಾರ್ಮೋನು ಉಕ್ಕಿ ಹರಿಯುತ್ತಿರುವವಳಿಗೆ ಅದನ್ನು ಕೊಡುವುದು ಉರಿಯುವ ಬೆಂಕಿಗೆ ತುಪ್ಪ ಹೊಯ್ದ ಹಾಗೆ.

ನಾನು ಡಾಕ್ಟರ್ ಅಲ್ಲ. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವ, ಮಂಜೇಶ್ವರ ಕಡೆಯ ಒಂದು ಜೀನಸಿನ ಅಂಗಡಿಯವರ ಮಗ. ಮನೆಯಲ್ಲಿ ಎರಡು ವರ್ಷದ ಒಳಗೆ ಇಬ್ಬರಿಗೆ, ಉಮ್ಮನ ತಂಗಿಗೆ ಮತ್ತು ನನ್ನ ತಂಗಿಗೆ, ಇದೇ ಹೆಚ್ಚಾದ ಥೈರಾಯ್ಡ್ ಬಂತು. ಫೈಲು ಹಿಡಿದುಕೊಂಡು ತಲಪಾಡಿ ದಾಟಿ ಹೋಗಿ ಬಂದವ ನಾನು. ಆದ್ದರಿಂದ ಇಲ್ಲಿ ಬರೆಯುತ್ತಿರುವುದು ಚಿಕಿತ್ಸೆ ಅಲ್ಲ. ಚಿಕಿತ್ಸೆಯನ್ನು ಆರಿಸುವಾಗ ನಮ್ಮ ಮನೆಗಳಲ್ಲಿ ಏನು ನಡೆಯುತ್ತದೆ ಎಂಬುದರ ಬಗ್ಗೆ ನನ್ನ ಅಭಿಪ್ರಾಯ.

ಮೊದಲು ಯಂತ್ರದ ಲೆಕ್ಕ ಹೇಳುತ್ತೇನೆ, ನನಗೆ ಅರ್ಥವಾದದ್ದು ಹಾಗೆಯೇ. ಹಳೆಯ ಡೀಸೆಲ್ ಇಂಜಿನಿಗೆ ಗವರ್ನರ್ ಎಂಬ ಭಾಗ ಉಂಟು. ವೇಗ ಹೆಚ್ಚಾದರೆ ಎಣ್ಣೆ ಕಡಿಮೆ ಬಿಡುತ್ತದೆ, ಕಡಿಮೆಯಾದರೆ ಹೆಚ್ಚು ಬಿಡುತ್ತದೆ. ಥೈರಾಯ್ಡಿಗೆ ಆ ಗವರ್ನರ್ ಮೆದುಳಿನ ಕೆಳಗಿರುವ ಪಿಟ್ಯುಟರಿ. ಅದು ಟಿಎಸ್‌ಎಚ್ ಎಂಬ ಸಂದೇಶ ಕಳಿಸಿ ಥೈರಾಯ್ಡಿನಿಂದ ಟಿ4, ಟಿ3 ಮಾಡಿಸುತ್ತದೆ. ಟಿ4 ವಿಪರೀತ ಆದಾಗ ಪಿಟ್ಯುಟರಿ ಸಂದೇಶ ನಿಲ್ಲಿಸುತ್ತದೆ, ಟಿಎಸ್‌ಎಚ್ ನೆಲಕ್ಕೆ ಇಳಿಯುತ್ತದೆ. ಆದ್ದರಿಂದ ರಿಪೋರ್ಟಿನಲ್ಲಿ ಟಿಎಸ್‌ಎಚ್ ಕಡಿಮೆ ಎಂದು ಬಂದರೆ ಸಾಧಾರಣವಾಗಿ ಥೈರಾಯ್ಡ್ ಹೆಚ್ಚು ಎಂದರ್ಥ. ಅಂಗಡಿಗೆ ಬಂದ ಒಬ್ಬರು ನನ್ನಲ್ಲಿ ಕೇಳಿದ್ದುಂಟು: ‘ಮಗಳಿಗೆ ಟಿಎಸ್‌ಎಚ್ ತುಂಬಾ ಕಮ್ಮಿ ಉಂಟು, ಹೆಚ್ಚು ಮಾಡಲಿಕ್ಕೆ ಎಂತ ತಿನ್ನಿಸಬೇಕು?’ ಅವರ ತಪ್ಪಲ್ಲ. ರಿಪೋರ್ಟು ಕೊಟ್ಟವರು ಬಿಡಿಸಿ ಹೇಳಲಿಲ್ಲ, ಅಷ್ಟೆ.

ಇಂಜಿನ್ ಓಡುತ್ತಲೇ ಇದ್ದರೆ ಏನಾಗುತ್ತದೋ ಮೈಯಲ್ಲೂ ಅದೇ ಆಗುತ್ತದೆ. ಎದೆ ಡವಡವ, ಕೈ ನಡುಕ, ಸೆಕೆ ತಡೆಯಲಿಕ್ಕಾಗದು, ಚೆನ್ನಾಗಿ ಉಂಡರೂ ತೂಕ ಇಳಿಯುವುದು, ನಿದ್ದೆ ಇಲ್ಲ, ಸಣ್ಣ ಮಾತಿಗೂ ಸಿಟ್ಟು. ನಮ್ಮ ಊರಿನ ಸೆಕೆಯಲ್ಲಿ ಇದನ್ನು ಕಾಯಿಲೆ ಅಂತ ಯಾರು ಹೇಳುತ್ತಾರೆ? ಹೊಸ ಸೊಸೆಯಾದರೆ ‘ಅವಳ ಸ್ವಭಾವವೇ ಹಾಗೆ’ ಅನ್ನುತ್ತಾರೆ. ಬಿಟ್ಟರೆ ಹೃದಯದ ಲಯ ತಪ್ಪುತ್ತದೆ, ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಬರಬಹುದು, ಎಲುಬು ಸವೆಯುತ್ತದೆ, ಗರ್ಭ ನಿಲ್ಲುವುದು ಕಷ್ಟವಾಗುತ್ತದೆ. ಗಂಡಸರಿಗಿಂತ ಹೆಂಗಸರಿಗೆ ಇದು ಎಷ್ಟೋ ಪಟ್ಟು ಹೆಚ್ಚು.

ಯಾವ ಮದ್ದು ಎಂದು ಕೇಳುವ ಮೊದಲು ಯಾವ ಕಾರಣ ಎಂದು ಕೇಳಬೇಕು. ಇದನ್ನು ನಾನು ಒತ್ತಿ ಹೇಳುತ್ತೇನೆ. ಗ್ರೇವ್ಸ್ ಎಂಬ ಕಾಯಿಲೆಯಲ್ಲಿ ನಮ್ಮ ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ ಥೈರಾಯ್ಡಿನ ಆಕ್ಸಿಲರೇಟರ್ ಒತ್ತಿ ಹಿಡಿಯುತ್ತದೆ. ಪ್ರಾಯದವರಲ್ಲಿ ಹೆಚ್ಚಾಗಿ ಇದೇ. ಕೆಲವರಿಗೆ ಕಣ್ಣೂ ಮುಂದೆ ಬರುತ್ತದೆ. ವಯಸ್ಸಾದವರಲ್ಲಿ ವರ್ಷಗಟ್ಟಲೆ ಇದ್ದ ಗಂಟುಗಳು ಪಿಟ್ಯುಟರಿಯ ಮಾತು ಕೇಳದೆ ತಾವೇ ಹಾರ್ಮೋನು ಮಾಡತೊಡಗುತ್ತವೆ. ಮೂರನೆಯದ್ದು ಗ್ರಂಥಿಯ ಉರಿಯೂತ. ಹೆರಿಗೆಯಾದ ಕೆಲವು ತಿಂಗಳಿಗೂ ಇದು ಬರುವುದುಂಟು. ಇಲ್ಲಿ ಗ್ರಂಥಿ ಹೊಸದಾಗಿ ಏನೂ ಹೆಚ್ಚು ಮಾಡುತ್ತಿಲ್ಲ, ಒಳಗೆ ಇಟ್ಟಿದ್ದ ದಾಸ್ತಾನು ಸೋರುತ್ತಿದೆ. ಸೋರುವ ಟ್ಯಾಂಕಿಗೆ ಪಂಪು ನಿಲ್ಲಿಸಿ ಪ್ರಯೋಜನ ಉಂಟೇ? ಹಾಗಾಗಿ ಥೈರಾಯ್ಡ್ ತಗ್ಗಿಸುವ ಮಾತ್ರೆ ಅವರಿಗೆ ಕೆಲಸ ಮಾಡುವುದಿಲ್ಲ. ಎದೆಬಡಿತಕ್ಕೆ ಮಾತ್ರ ಮದ್ದು ಕೊಟ್ಟು ಕಾಯುತ್ತಾರೆ, ಹೆಚ್ಚಿನವರಿಗೆ ಅದು ತಾನೇ ಇಳಿಯುತ್ತದೆ. ಇವುಗಳನ್ನು ಬೇರ್ಪಡಿಸಲಿಕ್ಕೆ ಒಂದು ಪ್ರತಿಕಾಯದ ರಕ್ತಪರೀಕ್ಷೆ ಉಂಟು, ಟೆಕ್ನೀಷಿಯಂ ಸ್ಕ್ಯಾನ್ ಉಂಟು. ಅದಿಲ್ಲದೆ ಬರೇ ಟಿಎಸ್‌ಎಚ್ ನೋಡಿ ವರ್ಷದ ಮಾತ್ರೆ ಬರೆದುಕೊಟ್ಟರೆ, ‘ಕಾರಣ ಯಾವುದು ಡಾಕ್ಟ್ರೇ?’ ಎಂದು ಕೇಳುವುದು ಅಹಂಕಾರವಲ್ಲ.

ಒಂದು ಸಣ್ಣ ಮಾತು, ಮರೆತುಹೋಗುವ ಮೊದಲು. ಕೂದಲು ಉದುರುತ್ತದೆ ಅಂತ ನಮ್ಮ ಹುಡುಗಿಯರು ಬಯೋಟಿನ್ ಮಾತ್ರೆ ನುಂಗುತ್ತಾರಲ್ಲ, ಅದು ಕೆಲವು ಲ್ಯಾಬಿನ ಯಂತ್ರಗಳನ್ನು ಮೋಸ ಮಾಡುತ್ತದೆ. ಇಲ್ಲದ ಥೈರಾಯ್ಡ್ ಹೆಚ್ಚಳ ಕಾಗದದ ಮೇಲೆ ಕಾಣುತ್ತದೆ. ರಕ್ತ ಕೊಡುವ ಎರಡು ದಿನ ಮೊದಲಾದರೂ ಅದನ್ನು ನಿಲ್ಲಿಸಬೇಕು, ಲ್ಯಾಬಿನವರಿಗೂ ಡಾಕ್ಟರಿಗೂ ಹೇಳಬೇಕು.

ಗ್ರೇವ್ಸ್ ಮತ್ತು ಗಂಟುಗಳಿಗೆ ದಾರಿ ಮೂರು: ಮಾತ್ರೆ, ರೇಡಿಯೊ ಅಯೊಡಿನ್, ಆಪರೇಷನ್. ಮೂರೂ ಹಳೆಯವು, ಮೂರೂ ಕೆಲಸ ಮಾಡುತ್ತವೆ. ಮೂರಕ್ಕೂ ಬೆಲೆ ತೆರಬೇಕು. ನಾನು ಹಣದ ಮಾತು ಹೇಳುತ್ತಿಲ್ಲ.

ಮಾತ್ರೆ ಅಂದರೆ ನಮ್ಮಲ್ಲಿ ಹೆಚ್ಚಾಗಿ ಕಾರ್ಬಿಮಝೋಲ್. ಗ್ರೇವ್ಸಿಗೆ 12ರಿಂದ 18 ತಿಂಗಳು ಕೊಟ್ಟು ನಿಲ್ಲಿಸಿ ನೋಡುತ್ತಾರೆ. ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಅದು ತಿರುಗಿ ಬರುತ್ತದೆ. ಹಾಗೆ ಬಂದರೆ ಕಡಿಮೆ ಡೋಸಿನಲ್ಲಿ ವರ್ಷಗಟ್ಟಲೆ ಮುಂದುವರಿಸುವುದನ್ನೂ ಈಗ ಡಾಕ್ಟರರು ಒಪ್ಪುತ್ತಾರೆ. ಗಂಟಿನ ಕಾಯಿಲೆಯಲ್ಲಿ ಮಾತ್ರೆ ನಿಲ್ಲಿಸಿದರೆ ಹೆಚ್ಚಾಗಿ ಪುನಃ ಬರುವುದೇ. ಮಾತ್ರೆಯ ಒಳ್ಳೆಯ ಗುಣ ಏನೆಂದರೆ ಗ್ರಂಥಿ ಉಳಿಯುತ್ತದೆ, ಹಿಂದೆ ಬರಲಿಕ್ಕೆ ದಾರಿ ಇರುತ್ತದೆ. ಕೆಟ್ಟ ಗುಣ, ಶಿಸ್ತು ಬೇಕು. ಶುರುವಿಗೆ ನಾಲ್ಕಾರು ವಾರಕ್ಕೊಮ್ಮೆ ರಕ್ತಪರೀಕ್ಷೆ. ನಮ್ಮಲ್ಲಿ ಎಡವುವುದು ಇಲ್ಲಿಯೇ. ಎರಡು ತಿಂಗಳಾಗುವಾಗ ನಡುಕ ನಿಲ್ಲುತ್ತದೆ, ತೂಕ ಬರುತ್ತದೆ, ‘ಗುಣವಾಯಿತಲ್ಲ, ಇನ್ನೆಂತಕ್ಕೆ ಮಾತ್ರೆ?’ ಎಂದು ಬಿಡುತ್ತಾರೆ. ಗುಣ ಆದದ್ದಲ್ಲ, ಬ್ರೇಕು ಹಿಡಿದದ್ದು. ಇಳಿಜಾರಿನಲ್ಲಿ ಗಾಡಿ ನಿಂತಿತು ಅಂತ ಬ್ರೇಕಿನಿಂದ ಕಾಲು ತೆಗೆಯುತ್ತಾರಾ?

ಆ ಮಾತ್ರೆಯ ಬಗ್ಗೆ ಪ್ರತಿ ಮನೆಯಲ್ಲಿ ಗೋಡೆಗೆ ಅಂಟಿಸಬೇಕಾದ ಸಂಗತಿ ಇದು. ಸಾವಿರದಲ್ಲಿ ಎರಡರಿಂದ ಐದು ಜನರಿಗೆ, ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲಿ, ಬಿಳಿ ರಕ್ತಕಣ ದಿಢೀರನೆ ಕುಸಿಯುತ್ತದೆ. ಜ್ವರ, ಗಂಟಲು ನೋವು, ಬಾಯಿಹುಣ್ಣು ಕಾಣಿಸಿದರೆ ‘ಮಳೆಗಾಲದ ಜ್ವರ’ ಎಂದು ಮೆಡಿಕಲಿನಿಂದ ಪ್ಯಾರಾಸಿಟಮಾಲ್ ತಂದು ಕೂರುವುದಲ್ಲ. ಮಾತ್ರೆ ನಿಲ್ಲಿಸಿ ಅದೇ ದಿನ ರಕ್ತ ಪರೀಕ್ಷೆ ಮಾಡಿಸಬೇಕು. ಕಣ್ಣು ಹಳದಿಯಾದರೂ ಹಾಗೆಯೇ. ತಂಗಿಗೆ ಡಾಕ್ಟರು ಇದನ್ನು ಹೇಳುವಾಗ ನಾನು ಪಕ್ಕದಲ್ಲಿದ್ದೆ. ಹೇಳಿದ್ದು ಎರಡು ವಾಕ್ಯ, ಆ ದಿನದ ಎಲ್ಲ ಮಾತಿಗಿಂತ ಬೆಲೆಬಾಳುವ ಎರಡು ವಾಕ್ಯ. ಕೇಳಿಸಿಕೊಳ್ಳಲಿಕ್ಕೆ ಪುರುಸೊತ್ತು ಬೇಕಲ್ಲ, ಹೊರಗೆ ಕಾರು ತಪ್ಪು ಜಾಗದಲ್ಲಿ ನಿಲ್ಲಿಸಿದೆ ಅಂತ ಮಾಮನ ಫೋನು ಬರುತ್ತಲೇ ಇತ್ತು.

ಎರಡನೆಯ ದಾರಿ ರೇಡಿಯೊ ಅಯೊಡಿನ್. ಇದರ ಹೆಸರೆತ್ತಿದರೆ ನಮ್ಮ ಕಡೆ ಮೀಟಿಂಗೇ ಆಗುತ್ತದೆ. ಚಿಕ್ಕಮ್ಮನಿಗೆ 61 ವರ್ಷ, ಕುತ್ತಿಗೆಯ ಗಂಟು ಬಹಳ ಕಾಲದ್ದು, ಹೃದಯದ ಲಯ ಆಗಲೇ ತಪ್ಪಿತ್ತು. ಡಾಕ್ಟರು ನೇರವಾಗಿ ಇದನ್ನೇ ಹೇಳಿದರು. ರಾತ್ರಿ ಮನೆಯಲ್ಲಿ ಹದಿನಾಲ್ಕು ಜನ, ಫೋನಿನಲ್ಲಿ ದುಬೈಯವರು ಮೂರು ಜನ. ಒಬ್ಬರು ಅದು ಕ್ಯಾನ್ಸರಿನ ಮದ್ದು ಅಂದರು. ಇನ್ನೊಬ್ಬರು ‘ಕರೆಂಟ್ ಕೊಡುವುದು’ ಅಂದರು. ಅದು ಕರೆಂಟ್ ಅಲ್ಲ. ನುಂಗುವ ಒಂದು ಕ್ಯಾಪ್ಸೂಲ್ ಅಥವಾ ಕುಡಿಯುವ ನೀರಿನಂಥ ಮದ್ದು. ಥೈರಾಯ್ಡಿಗೆ ಅಯೊಡಿನ್ ಅಂದರೆ ಹಸಿವು. ಮೈಗೆ ಬಂದ ಅಯೊಡಿನನ್ನು ಅದು ಎಳೆದುಕೊಳ್ಳುತ್ತದೆ. ಆ ಅಯೊಡಿನ್ ವಿಕಿರಣದ್ದಾದರೆ ಒಳಗಿನಿಂದಲೇ ಗ್ರಂಥಿಯನ್ನು ಕುಗ್ಗಿಸುತ್ತದೆ. ಉಳಿದದ್ದು ಹೆಚ್ಚಾಗಿ ಮೂತ್ರದಲ್ಲಿ ಹೋಗುತ್ತದೆ. ಎಂಟು ದಿನಕ್ಕೊಮ್ಮೆ ಅದರ ಶಕ್ತಿ ಅರ್ಧವಾಗುತ್ತಾ ಬರುತ್ತದೆ. ಬಾಸ್ಟನ್‌ನಲ್ಲಿ ಸಾಲ್ ಹರ್ಟ್ಝ್ ಎಂಬ ಡಾಕ್ಟರ್ 1941ರಲ್ಲಿ ಮೊದಲು ಕೊಟ್ಟದ್ದು, ಅಂದರೆ ಎಂಬತ್ತು ವರ್ಷಕ್ಕಿಂತ ಹಳೆಯ ಚಿಕಿತ್ಸೆ. ನಮ್ಮ ದೇಶದಲ್ಲಿ ಮುಂಬೈಯ ರೇಡಿಯೇಷನ್ ಮೆಡಿಸಿನ್ ಸೆಂಟರ್ 1963ರಿಂದ ಈ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿದೆ.

ಹೆದರುವವರನ್ನು ನಾನು ಗೇಲಿ ಮಾಡುವುದಿಲ್ಲ. ಇದು ಎಂಡೋಸಲ್ಫಾನ್ ಬಿದ್ದ ಜಿಲ್ಲೆ. 2000ದವರೆಗೆ ಗೇರು ತೋಟದ ಮೇಲೆ ಹೆಲಿಕಾಪ್ಟರಿನಲ್ಲಿ ವಿಷ ಚೆಲ್ಲಿ ‘ಏನೂ ಆಗುವುದಿಲ್ಲ’ ಎಂದು ಹೇಳಿದ್ದನ್ನು ಎಣ್ಮಕಜೆಯವರು ಕೇಳಿದ್ದಾರೆ, ನಂತರ ಆದದ್ದನ್ನೂ ನೋಡಿದ್ದಾರೆ. ಕಣ್ಣಿಗೆ ಕಾಣದ ವಸ್ತುವಿನ ಬಗ್ಗೆ ‘ಹೆದರಬೇಡಿ’ ಅಂದರೆ ನಮ್ಮವರು ಹೆಚ್ಚು ಹೆದರುತ್ತಾರೆ, ಅದಕ್ಕೆ ಕಾರಣ ಉಂಟು. ಆದರೆ ಅಲ್ಲಿ ಯಾರಿಗೂ ಕೇಳದೆ ಚೆಲ್ಲಿದ್ದು, ಇಲ್ಲಿ ಅಳೆದು, ಕೇಳಿ, ಒಬ್ಬರಿಗೆ ಕೊಡುವುದು. ಮುಂದೆ ಕ್ಯಾನ್ಸರ್ ಬರುತ್ತದಾ ಎಂಬ ಪ್ರಶ್ನೆಗೆ ಪ್ರಾಮಾಣಿಕ ಉತ್ತರವೆಂದರೆ, ದಶಕಗಟ್ಟಲೆ ಹಿಂಬಾಲಿಸಿದ ಅಧ್ಯಯನಗಳಲ್ಲಿ ಕೆಲವು ಸಣ್ಣ ಹೆಚ್ಚಳ ಕಂಡಿವೆ, ಕೆಲವು ಕಂಡಿಲ್ಲ, ಚರ್ಚೆ ನಡೆಯುತ್ತಿದೆ. ಲಯ ತಪ್ಪಿದ ಹೃದಯದಿಂದ ಬರುವ ಅಪಾಯದ ಬಗ್ಗೆ ಮಾತ್ರ ಚರ್ಚೆ ಇಲ್ಲ.

ಆ ರಾತ್ರಿ ಎಲ್ಲರೂ ಮಾತಾಡಿದರು, ಚಿಕ್ಕಮ್ಮ ಒಬ್ಬರು ಬಿಟ್ಟು. ಕೊನೆಗೆ ಉಮ್ಮ ‘ನೀನೆಂತ ಹೇಳುತ್ತಿ?’ ಎಂದು ಕೇಳಿದಾಗ ಅವರು ಕೇಳಿದ್ದು ಒಂದೇ: ‘ಮೊಮ್ಮಗನನ್ನು ಎಷ್ಟು ದಿನ ಎತ್ತಬಾರದು?’ ಹದಿನೇಳು ಜನರಲ್ಲಿ ಸರಿಯಾದ ಪ್ರಶ್ನೆ ಕೇಳಿದವರು ಅವರೊಬ್ಬರೇ ಎಂದು ನನ್ನ ಅಭಿಪ್ರಾಯ. ಏಕೆಂದರೆ ಈ ಚಿಕಿತ್ಸೆಯ ನಿಜವಾದ ಕಷ್ಟ ಅಲ್ಲಿಯೇ ಇರುವುದು. ಮದ್ದು ಕುಡಿದ ಮೇಲೆ ಕೆಲವು ದಿನ ಬೇರೆ ಮಲಗಬೇಕು. ಸಣ್ಣ ಮಕ್ಕಳಿಂದ, ಗರ್ಭಿಣಿಯರಿಂದ ಹೆಚ್ಚು ದಿನ ದೂರ ಇರಬೇಕು. ಎಷ್ಟು ದಿನ ಎಂಬುದನ್ನು ಡೋಸ್ ನೋಡಿ ಆಸ್ಪತ್ರೆಯವರೇ ಬರೆದು ಕೊಡುತ್ತಾರೆ. ಟವೆಲು, ತಟ್ಟೆ ಬೇರೆ. ಕಕ್ಕಸಿಗೆ ಎರಡು ಸಲ ನೀರು. ಒಂದೇ ಕೋಣೆಯಲ್ಲಿ ಅಜ್ಜಿಯ ಪಕ್ಕ ಮೂರು ಮಕ್ಕಳು ಮಲಗುವ ಮನೆಗೆ ಇದು ಸಣ್ಣ ಸಂಗತಿಯಲ್ಲ. ನಾವು ಮೊಮ್ಮಗನನ್ನೇ ಅವನ ತಾಯಿಯ ಮನೆಗೆ ಕಳಿಸಿದೆವು. ಅನುಕೂಲ ಇಲ್ಲದ ಮನೆಯವರು ಅದನ್ನು ಮೊದಲೇ ಡಾಕ್ಟರಲ್ಲಿ ಬಾಯಿಬಿಟ್ಟು ಹೇಳಬೇಕು.

ಮದ್ದು ಕೆಲಸ ಮಾಡಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಹಿಡಿಯುತ್ತವೆ. ಆಮೇಲೆ ಅನೇಕರಿಗೆ, ಅದರಲ್ಲೂ ಗ್ರೇವ್ಸಿನವರಿಗೆ, ಥೈರಾಯ್ಡ್ ತೀರಾ ಕಡಿಮೆಯಾಗಿ ಜೀವಮಾನವಿಡೀ ಥೈರಾಕ್ಸಿನ್ ಬೇಕಾಗುತ್ತದೆ. ‘ಹಾಗಾದರೆ ಒಂದು ಕಾಯಿಲೆ ಕೊಟ್ಟು ಇನ್ನೊಂದು ತಕ್ಕೊಂಡ ಹಾಗಾಯಿತಲ್ಲ!’ ಎಂದು ಉಪ್ಪ ಹೇಳಿದರು. ಹೌದು, ಹಾಗೆಯೇ. ಆದರೆ ವ್ಯಾಪಾರಿ ಅಲ್ಲವಾ ಉಪ್ಪ, ಲೆಕ್ಕ ಹಾಕಿದ ಮೇಲೆ ಅವರೇ ಒಪ್ಪಿದರು. ಹೃದಯ ಕೆಡಿಸುವ ಸಾಲ ತೀರಿಸಲು ದಿನಕ್ಕೊಂದು ಅಗ್ಗದ ಮಾತ್ರೆಯ ಕಂತು. ಐದು ತಿಂಗಳಲ್ಲಿ ಚಿಕ್ಕಮ್ಮನ ಎದೆಬಡಿತ ಹತೋಟಿಗೆ ಬಂತು. ಈಗ ಸಣ್ಣ ಡೋಸಿನ ಥೈರಾಕ್ಸಿನಲ್ಲಿ ಇದ್ದಾರೆ.

ಅದೇ ಮದ್ದು 26ರ ನನ್ನ ತಂಗಿಗೆ ಬೇಡ ಅಂದರು, ಯಾಕೆಂದು ಕೇಳಿದೆವು. ಅವಳಿಗೆ ಗ್ರೇವ್ಸ್, ಕಣ್ಣಿನಲ್ಲೂ ಸ್ವಲ್ಪ ಉಂಟು. ರೇಡಿಯೊ ಅಯೊಡಿನ್ ಕಣ್ಣಿನ ತೊಂದರೆಯನ್ನು ಹೆಚ್ಚಿಸಬಹುದು. ಗರ್ಭಿಣಿಯರಿಗೆ, ಹಾಲೂಡಿಸುವವರಿಗೆ ಅದನ್ನು ಕೊಡುವಂತೆಯೇ ಇಲ್ಲ. ಕೊಟ್ಟ ಮೇಲೆ ಕನಿಷ್ಠ ಆರು ತಿಂಗಳು ಗರ್ಭ ಧರಿಸಬಾರದು. ಬೀಡಿ ಸಿಗರೇಟು ಸೇದುವ ಗಂಡಸರಿಗೆ ಈ ಕಾಯಿಲೆ ಬಂದರೆ ಕಣ್ಣಿಗೆ ಅಪಾಯ ಇನ್ನೂ ಹೆಚ್ಚು, ಇದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಗಲ್ಫಿಗೆ ಹೋಗುವವರಿಗೆ ಇನ್ನೊಂದು: ಮದ್ದು ಕುಡಿದ ಮೇಲೆ ವಾರಗಟ್ಟಲೆ, ಕೆಲವೊಮ್ಮೆ ಮೂರು ತಿಂಗಳವರೆಗೂ, ವಿಮಾನ ನಿಲ್ದಾಣದ ವಿಕಿರಣ ಯಂತ್ರ ಕೂಗಬಹುದು. ಆಸ್ಪತ್ರೆಯ ಪತ್ರ ಕಿಸೆಯಲ್ಲಿರಲಿ.

ಆಪರೇಷನ್ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ, ನಮ್ಮ ಮನೆಯಲ್ಲಿ ಆಗಿಲ್ಲ. ಗಂಟು ತುಂಬಾ ದೊಡ್ಡದಾಗಿ ಉಸಿರಿಗೆ ಅಡ್ಡ ಬರುವಾಗ, ಗಂಟಿನ ಬಗ್ಗೆ ಕ್ಯಾನ್ಸರಿನ ಸಂಶಯ ಇರುವಾಗ, ಕಣ್ಣಿನ ತೊಂದರೆ ಜೋರಿರುವಾಗ, ಬೇಗ ಮಗು ಬೇಕೆನ್ನುವಾಗ ಅದು ಒಳ್ಳೆಯ ದಾರಿ. ಫಲ ಬೇಗ. ಗಾಯದ ಗುರುತು ಉಳಿಯುತ್ತದೆ, ಧ್ವನಿಯ ನರಕ್ಕೆ ಮತ್ತು ಕ್ಯಾಲ್ಸಿಯಂ ನೋಡಿಕೊಳ್ಳುವ ಸಣ್ಣ ಗ್ರಂಥಿಗಳಿಗೆ ಪೆಟ್ಟಾಗುವ ಅಪಾಯ ಉಂಟು. ವರ್ಷಕ್ಕೆ ಇಂಥ ಆಪರೇಷನ್ ಬಹಳ ಮಾಡುವ ಕೈಯಲ್ಲಿ ಆ ಅಪಾಯ ಕಡಿಮೆ. ಆದ್ದರಿಂದ ಕಟ್ಟಡ ಎಷ್ಟು ದೊಡ್ಡದೆಂದು ನೋಡುವುದಕ್ಕಿಂತ ‘ಡಾಕ್ಟ್ರೇ, ನೀವು ವರ್ಷಕ್ಕೆ ಎಷ್ಟು ಮಾಡುತ್ತೀರಿ?’ ಎಂದು ಕೇಳುವುದು ಮೇಲು. ಮಾತ್ರೆಯಿಂದ ಹಾರ್ಮೋನು ಇಳಿಸದೆ ಅವಸರದಲ್ಲಿ ಆಪರೇಷನ್ ಮಾಡಿದರೆ ಪ್ರಾಣಕ್ಕೇ ಸಂಚಕಾರ.

ಇನ್ನು ನಾನು ನಿಜವಾಗಿ ಹೇಳಬೇಕೆಂದಿದ್ದ ಮಾತು. ನಮ್ಮಲ್ಲಿ ಪ್ರಾಯದ ಹುಡುಗಿಗೆ ಈ ಕಾಯಿಲೆ ಬಂದರೆ ಚಿಕಿತ್ಸೆಯನ್ನು ಡಾಕ್ಟರೂ ಆರಿಸುವುದಿಲ್ಲ, ಹುಡುಗಿಯೂ ಆರಿಸುವುದಿಲ್ಲ. ಮುಂದೆ ಬರಬಹುದಾದ ಸಂಬಂಧ ಆರಿಸುತ್ತದೆ. ಆಪರೇಷನ್ ಬೇಡ, ಕುತ್ತಿಗೆಯಲ್ಲಿ ಗುರುತು ಕಾಣುತ್ತದೆ. ರೇಡಿಯೊ ಅಯೊಡಿನ್ ಬೇಡ, ‘ಮಕ್ಕಳಾಗುವುದಿಲ್ಲ’ ಎಂದು ಊರು ಹೇಳುತ್ತದೆ (ಹೇಳಿದ ಸಮಯ ಕಾದರೆ ಮಕ್ಕಳಾಗುತ್ತಾರೆ). ಉಳಿದದ್ದು ಮಾತ್ರೆ, ಅದನ್ನು ಅಡಗಿಸಬಹುದು. ಅಡಗಿಸಿದ ಮಾತ್ರೆಯೇ ಎಲ್ಲದಕ್ಕಿಂತ ಅಪಾಯದ್ದು.

ನನ್ನ ದೊಡ್ಡಮ್ಮನ ಮಗಳ ವಿಷಯದಲ್ಲಿ ಅದೇ ಆಯಿತು. ಮದುವೆಗೆ ಮೊದಲು ಬ್ರೋಕರ್ ಹೇಳಿದ್ದು, ‘ಅದೆಲ್ಲ ಬಾಯಿಬಿಡಬೇಡಿ, ಮದುವೆಯಾದ ಮೇಲೆ ಸರಿಯಾಗುತ್ತದೆ’. ಗಂಡನ ಮನೆಯಲ್ಲಿ ಪೌಡರ್ ಡಬ್ಬಿಯೊಳಗೆ ಮಾತ್ರೆ ಇಟ್ಟು ಕದ್ದು ನುಂಗುತ್ತಿದ್ದಳು. ಅತ್ತೆ ಡಬ್ಬಿ ತೆರೆದ ದಿನದಿಂದ ನಿಲ್ಲಿಸಿದಳು. ರಕ್ತಪರೀಕ್ಷೆಗೆ ಹೋಗಲಿಕ್ಕೂ ಏನು ನೆಪ ಹೇಳುವುದು? ಎರಡು ತಿಂಗಳು ತುಂಬುವುದರೊಳಗೆ ಗರ್ಭ ಹೋಯಿತು. ಆಸ್ಪತ್ರೆ ಮುಟ್ಟುವಾಗ ಎದೆಬಡಿತ ನಿಮಿಷಕ್ಕೆ 140. ಅದಕ್ಕೂ ಅವಳನ್ನೇ ಬೈದರು, ಮುಚ್ಚಿಟ್ಟದ್ದು ಯಾಕೆ ಎಂದು. ಮುಚ್ಚಿಡು ಎಂದವರು ಆ ಕೋಣೆಯಲ್ಲೇ ಇದ್ದರು.

ಇಲ್ಲಿ ಕಷ್ಟ ಇನ್ನೂ ಒಂದು ಉಂಟು. ಕಾರ್ಬಿಮಝೋಲ್ ಗರ್ಭದ ಮೊದಲ ಮೂರು ತಿಂಗಳಲ್ಲಿ ಮಗುವಿಗೆ ಕೆಲವು ದೋಷಗಳನ್ನು ತರಬಲ್ಲದು. ಆಗ ಪ್ರೊಪೈಲ್‌ಥಯೊಯುರಾಸಿಲ್ ಎಂಬ ಬೇರೆ ಮಾತ್ರೆಗೆ ಬದಲಿಸುತ್ತಾರೆ, ಕೆಲವರಿಗೆ ಮಾತ್ರೆಯೇ ಬೇಡವಾಗುತ್ತದೆ. ಆ ಎರಡನೆಯದ್ದಕ್ಕೆ ಲಿವರಿನ ಅಪಾಯ ಉಂಟು, ಹಾಗಾಗಿ ಎಲ್ಲರಿಗೂ ಯಾವಾಗಲೂ ಕೊಡುವುದಿಲ್ಲ. ಮಾತ್ರೆ ತಿನ್ನುವುದೂ ಅಪಾಯ, ತಿನ್ನದಿರುವುದೂ ಅಪಾಯ, ಎರಡರ ನಡುವೆ ದಾರಿ ಹುಡುಕುವುದು ಡಾಕ್ಟರ ಕೆಲಸ. ಆ ದಾರಿ ಹುಡುಕಬೇಕಾದರೆ ಗಂಡನಿಗೆ ಗೊತ್ತಿರಬೇಕು, ಅತ್ತೆಗೆ ಗೊತ್ತಿರಬೇಕು, ಮುಟ್ಟು ತಪ್ಪಿದ ವಾರವೇ ಆಸ್ಪತ್ರೆಗೆ ಫೋನು ಹೋಗಬೇಕು. ಮುಚ್ಚಿಟ್ಟ ಮನೆಯಲ್ಲಿ ಇದು ಸಾಧ್ಯವಿಲ್ಲ. ತಂಗಿಯ ಸಂಬಂಧದ ಮಾತು ಬಂದಾಗ ನಾವು ಮೊದಲ ದಿನವೇ ಹೇಳಿದೆವು. ಒಂದು ಕಡೆಯವರು ಹಿಂದೆ ಸರಿದರು. ಸರಿದದ್ದೇ ಒಳ್ಳೆಯದಾಯಿತು ಎಂದು ಉಮ್ಮ ಹೇಳುತ್ತಾರೆ. ಸ್ವಲ್ಪ ಬೇಜಾರಿನಲ್ಲೇ ಹೇಳುತ್ತಾರೆ.

ಅಂಗಡಿಯಲ್ಲಿ ಕುಳಿತರೆ ದಿನಕ್ಕೊಂದು ಹೊಸ ಮದ್ದು ಕೇಳುತ್ತದೆ. ‘ಅಯೊಡಿನ್ ಇಲ್ಲದ ಉಪ್ಪು ಉಂಟಾ?’ ಎಂದು ಕೇಳುವವರು ಉಂಟು. ಮೀನು ಬಿಟ್ಟವರು ಉಂಟು, ಕೋಸು ತಿಂದು ಗುಣ ಮಾಡುತ್ತೇನೆ ಎನ್ನುವವರೂ ಉಂಟು. ಬಂಗುಡೆ ತಿಂದು ಗ್ರೇವ್ಸ್ ಬರುವುದಿಲ್ಲ, ಬಂಗುಡೆ ಬಿಟ್ಟರೆ ಹೋಗುವುದೂ ಇಲ್ಲ. ಸ್ಕ್ಯಾನಿಗೆ, ರೇಡಿಯೊ ಅಯೊಡಿನಿಗೆ ಮುಂಚೆ ಸ್ವಲ್ಪ ದಿನ ಅಯೊಡಿನ್ ಕಡಿಮೆ ಮಾಡಲು ಹೇಳಿದರೆ ಆಗ ಮಾಡಿದರೆ ಸಾಕು. ಮಕ್ಕಳಿರುವ ಮನೆಯಲ್ಲಿ ಇಡೀ ವರ್ಷ ಅಯೊಡಿನ್ ಉಪ್ಪು ಬಿಡುವುದು ಬುದ್ಧಿವಂತಿಕೆಯಲ್ಲ. ರಂಝಾನಿನ ಉಪವಾಸದ ಬಗ್ಗೆಯೂ ಕೇಳುತ್ತಾರೆ. ಹಾರ್ಮೋನು ಹತೋಟಿಯಲ್ಲಿದ್ದರೆ ಮಾತ್ರೆಯ ಹೊತ್ತು ಬದಲಿಸಿ ಕೊಡುವುದು ಸಾಮಾನ್ಯ, ಹತೋಟಿಯಲ್ಲಿಲ್ಲದೆ ಎದೆ ಹೊಡೆದುಕೊಳ್ಳುತ್ತಿದ್ದರೆ ವಿಷಯ ಬೇರೆ. ಡಾಕ್ಟರಲ್ಲಿ ಕೇಳಬೇಕಾದದ್ದು ಉಪವಾಸ ಶುರುವಾಗುವ ಮೊದಲು, ಮೂರನೆಯ ನೋಂಬಿನ ದಿನ ತಲೆತಿರುಗಿ ಬಿದ್ದ ಮೇಲಲ್ಲ.

ಗಡಿಯಲ್ಲಿರುವ ನಮಗೆ ತೂಗಿ ನೋಡಲು ಇನ್ನೊಂದು ಕಲ್ಲು ಹೆಚ್ಚು. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಶಿಲಾನ್ಯಾಸ ಆದದ್ದು, ಆದರೂ ದೊಡ್ಡ ಕಾಯಿಲೆ ಅಂದರೆ ನಮ್ಮ ಗಾಡಿ ಮಂಗಳೂರಿಗೇ ತಿರುಗುತ್ತದೆ. 2020ರ ಮಾರ್ಚಿನಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಹಾಕಿದಾಗ ಏನಾಯಿತೆಂದು ಯಾರೂ ಮರೆತಿಲ್ಲ. ಆಂಬುಲೆನ್ಸ್ ತಿರುಗಿ ಬಂತು, ಹಲವರು ಆಸ್ಪತ್ರೆ ಮುಟ್ಟದೆ ತೀರಿಕೊಂಡರು, ಮಾತು ಹೈಕೋರ್ಟಿಗೆ ಹೋಯಿತು. ಹದಿನೆಂಟು ತಿಂಗಳು ತಪ್ಪದೆ ರಕ್ತಪರೀಕ್ಷೆ ಬೇಡುವ ಚಿಕಿತ್ಸೆಯನ್ನು ಆರಿಸುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು. ನಾವು ಮಾಡಿದ್ದು, ಪರೀಕ್ಷೆ ಊರಿನ ಒಂದೇ ಲ್ಯಾಬಿನಲ್ಲಿ, ರಿಪೋರ್ಟು ಫೋನಿನಲ್ಲಿ ಡಾಕ್ಟರಿಗೆ, ಮಂಗಳೂರಿಗೆ ಮೂರು ತಿಂಗಳಿಗೊಮ್ಮೆ. ಹೀಗೆ ಆಗುತ್ತದಾ ಎಂದು ನಾವಾಗಿ ಕೇಳಿದ್ದಕ್ಕೆ ಅವರು ಒಪ್ಪಿದರು. ಮನೆಯಲ್ಲಿ ಒಂದು ತಿಂಗಳ ಮಾತ್ರೆ ಯಾವಾಗಲೂ ಹೆಚ್ಚಿಗೆ ಇರುತ್ತದೆ.

ಭಾಷೆಯ ವಿಷಯ ಒಂದು ಬಾಕಿ. ಚಿಕ್ಕಮ್ಮ ಕನ್ನಡ ಶಾಲೆಯಲ್ಲಿ ಏಳನೇವರೆಗೆ ಓದಿದವರು, ಮಾತಾಡುವುದು ಬ್ಯಾರಿ. ಈಚೆಯ ಆಸ್ಪತ್ರೆಯಲ್ಲಿ ಕೊಟ್ಟ ಒಪ್ಪಿಗೆ ಪತ್ರ ಮಲಯಾಳದ್ದು, ಆಚೆಯದ್ದು ಇಂಗ್ಲಿಷಿನದ್ದು. ಎರಡೂ ಕಡೆ ‘ಇಲ್ಲಿ ಸೈನು ಹಾಕಿ’ ಎಂದರು. ಕೇರಳದ 1969ರ ಭಾಷಾ ಕಾಯ್ದೆ ಕನ್ನಡದ ಅಲ್ಪಸಂಖ್ಯಾತರಿಗೆ ಸರ್ಕಾರದೊಂದಿಗೆ ಕನ್ನಡದಲ್ಲೇ ಪತ್ರ ವ್ಯವಹಾರ ಮಾಡುವ ಹಕ್ಕು ಕೊಟ್ಟಿದೆ. ರೇಷನ್ ಕಾರ್ಡಿಗೆ, ಪಿಎಸ್‌ಸಿ ಪರೀಕ್ಷೆಗೆ ಕನ್ನಡ ಬೇಕೆಂದು ನಾವು ಜಗಳಾಡುತ್ತೇವೆ, ಆಡಬೇಕಾದದ್ದೇ. ಮೈಯೊಳಗೆ ಏನು ಹಾಕುತ್ತೇವೆ ಎಂದು ಹೇಳುವ ಕಾಗದಕ್ಕಾಗಿ ಯಾಕೆ ಯಾರೂ ಕೇಳಿಲ್ಲ? ಚಿಕ್ಕಮ್ಮ ಸೈನು ಹಾಕುವ ಮೊದಲು ಆ ಇಂಗ್ಲಿಷಿನ ನಾಲ್ಕು ಪುಟವನ್ನು ನಾನು ಬ್ಯಾರಿಯಲ್ಲಿ ಹೇಳುತ್ತಾ ಹೋದೆ, ನರ್ಸ್ ಎರಡು ಸಲ ಗಡಿಯಾರ ನೋಡಿದರು. ಮುಕ್ಕಾಲು ಗಂಟೆ ಹಿಡಿಯಿತು. ಆ ನಾಲ್ಕು ಪುಟದ ಕನ್ನಡ ಈಗ ಬರೆದಿಟ್ಟಿದ್ದೇನೆ. ಡಾಕ್ಟರೊಬ್ಬರು ಓದಿ ತಿದ್ದಿಕೊಡಲು ಒಪ್ಪಿದರೆ ಬೇಕಾದ ಮನೆಯವರಿಗೆ ಪ್ರತಿ ಮಾಡಿ ಕೊಡುತ್ತೇನೆ, ಅಂಗಡಿಯಲ್ಲಿ ಕೇಳಿದರೆ ಸಾಕು.